ಕೊಟೇಷನ್ನಿನಲ್ಲಿ ಇಲ್ಲದ ಸಾಲು

ಮನೆ ರಿಪೇರಿಯ ಯಾವುದಾದರೂ ಕೊಟೇಷನ್ ತೆಗೆದು ಓದಿ ನೋಡಿ. ಹಳೆ ಟೈಲ್ಸ್ ಕೀಳಲು ಚದರಡಿಗೆ ಇಷ್ಟು, ಹೊಸದು ಹಾಕಲು ಇಷ್ಟು, ಎರಡು ಕೋಟ್ ಪುಟ್ಟಿ, ಒಂದು ಪ್ರೈಮರ್, ಎರಡು ಕೋಟ್ ಎಮಲ್ಷನ್, ಒಡೆದ ಕಸ ಸಾಗಿಸಲು ಲೋಡಿಗೆ ಇಷ್ಟು. ಎಲ್ಲಕ್ಕೂ ರೇಟಿದೆ. ಆ ಕೋಣೆಯಲ್ಲಿರುವ ಮಂಚ, ಬೀರು, ಟಿವಿಗಳನ್ನು ಸರಿಸುವವರು ಯಾರು, ಯಾವುದರಿಂದ ಮುಚ್ಚಬೇಕು, ಸಂಜೆ ಗುಡಿಸುವವರು ಯಾರು ಅನ್ನುವ ಸಾಲು ಮಾತ್ರ ಇರುವುದಿಲ್ಲ. ಅದೆಲ್ಲ ಕೆಲಸದಲ್ಲೇ ಸೇರಿದ್ದು ಅಂತ ಮನೆಯವರ ಲೆಕ್ಕ. ಅದೆಲ್ಲ ಮನೆಯವರೇ ಮಾಡಿಟ್ಟಿರಬೇಕಾದ್ದು ಅಂತ ಮೇಸ್ತ್ರಿಯ ಲೆಕ್ಕ. ಚದರಡಿ ಮೇಲೆ ದುಡ್ಡು ಹುಟ್ಟುವ ಹುಡುಗನಿಗೆ ಟಿವಿಗೆ ಪ್ಲಾಸ್ಟಿಕ್ ಸುತ್ತುವ ಅರ್ಧ ಗಂಟೆ ಬರೀ ದಂಡ.

ಹಾಗಾಗಿ ಸೋಫಾದ ಮೇಲೆ ಪೇಂಟ್ ಚೆಲ್ಲಿದ ದಿನ ಶುರುವಾಗುವ ಜಗಳ ನಿಜವಾಗಿ ಹುಟ್ಟಿರುವುದು ರೇಟು ಮಾತಾಡಿದ ದಿನ. "ಕೆಲಸ ಅಂದ್ಮೇಲೆ ಇಷ್ಟೆಲ್ಲ ಆಗುತ್ತೆ ಸರ್" ಎಂದು ಮೇಸ್ತ್ರಿ. "ನಿಮ್ಮ ಮನೆ ಸಾಮಾನಾಗಿದ್ರೆ ಹೀಗೆ ಮಾಡ್ತಿದ್ರಾ?" ಎಂದು ಮನೆಯವರು. ಎರಡೂ ಮಾತಿನಲ್ಲಿ ಅಷ್ಟಿಷ್ಟು ಸತ್ಯವಿದೆ. ಗೋಡೆ ಒಡೆದರೆ ಧೂಳೇಳುವುದನ್ನು ಯಾರೂ ತಪ್ಪಿಸಲಾರರು. ಆ ಧೂಳು ಓಡುತ್ತಿರುವ ಎಸಿಯೊಳಗೆ ಹೋಗುವುದನ್ನು ಯಾರು ಬೇಕಾದರೂ ತಪ್ಪಿಸಬಹುದು. ಈ ಎರಡರ ನಡುವೆ ಗೆರೆ ಎಳೆಯಬೇಕಾದರೆ ಸಾಮಾನು ಹಾಳಾಗುವ ಬಗೆ ಗೊತ್ತಿರಬೇಕು. ಗೊತ್ತಿಲ್ಲದವರು ಜಗಳದಲ್ಲಿ ದನಿ ಏರಿಸುತ್ತಾರೆ, ಅಷ್ಟೆ.

ಸಾಮಾನು ಹಾಳಾಗುವ ಬಗೆ

ಎಲ್ಲ ಧೂಳೂ ಒಂದೇ ಅಲ್ಲ. ಪುಟ್ಟಿ ಉಜ್ಜಿದಾಗ ಏಳುವುದು ಮೆತ್ತನೆಯ ಬಿಳಿ ಪುಡಿ. ಅದು ಗೀರು ಹಾಕುವುದು ಕಡಿಮೆ, ನುಗ್ಗದ ಸಂದಿಯಿಲ್ಲ. ಗ್ರಾನೈಟ್, ಕಾಂಕ್ರೀಟ್, ವಿಟ್ರಿಫೈಡ್ ಟೈಲ್ಸ್ ಕತ್ತರಿಸಿದಾಗ ಬರುವ ಪುಡಿಯಲ್ಲಿ ಕ್ವಾರ್ಟ್ಜ್ ಕಣಗಳಿರುತ್ತವೆ. ಗಡಸುತನ ಅಳೆಯುವ ಮೋಸ್ ಪಟ್ಟಿಯಲ್ಲಿ ಕ್ವಾರ್ಟ್ಜ್ 7, ಕಿಟಕಿಯ ಗಾಜು ಸುಮಾರು 5.5. ಅಂದರೆ ಈ ಧೂಳು ಕೂತ ಟಿವಿ ಪರದೆಯನ್ನೋ ಡೈನಿಂಗ್ ಟೇಬಲ್ಲಿನ ಗಾಜನ್ನೋ ಒಣಬಟ್ಟೆಯಿಂದ ಒರೆಸಿದರೆ, ಗಾಜಿಗಿಂತ ಗಟ್ಟಿಯಾದದ್ದನ್ನು ಗಾಜಿನ ಮೇಲೆ ಒತ್ತಿ ಎಳೆದಂತಾಯಿತು. ಮೊದಲು ಮೆತ್ತನೆಯ ಬ್ರಷ್ ಇರುವ ವ್ಯಾಕ್ಯೂಮ್‌ನಿಂದ ಎಳೆಯಬೇಕು, ಆಮೇಲೆ ಒದ್ದೆ ಬಟ್ಟೆ. ಬಹಳಷ್ಟು ಗೀರುಗಳು ಕೆಲಸದ ಹೊತ್ತಿನಲ್ಲಿ ಬೀಳುವುದೇ ಇಲ್ಲ, ಸಂಜೆ ಒರೆಸುವಾಗ ಬೀಳುತ್ತವೆ. ಒರೆಸಿದವರು ಮನೆಯವರೇ ಆಗಿದ್ದರೆ ಕಂಟ್ರಾಕ್ಟರ್ ಅದನ್ನೇ ಹಿಡಿಯುತ್ತಾನೆ, ಹಿಡಿಯುವುದು ನ್ಯಾಯವೇ.

ಎಸಿಯ ಕಥೆ ಬೇರೆ. ಗೋಡೆ ಬೇಗ ಒಣಗಲಿ ಅಂತ ಪೇಂಟರ್‌ಗಳು ಫ್ಯಾನ್ ಹಾಕುತ್ತಾರೆ, ಸೆಕೆ ಜಾಸ್ತಿಯಾದರೆ ಎಸಿಯನ್ನೂ. ಎಸಿ ಓಡುವಾಗ ಒಳಗಿನ ತೆಳು ಲೋಹದ ಫಿನ್‌ಗಳು ನೀರಾಡುತ್ತಿರುತ್ತವೆ. ಫಿಲ್ಟರ್ ದಾಟಿದ ಪುಟ್ಟಿ ಪುಡಿ ಆ ಒದ್ದೆಯ ಮೇಲೆ ಕೂತು ಗಾರೆಯಾಗುತ್ತದೆ, ನೀರು ಹೋಗುವ ಪೈಪೂ ಕಟ್ಟಿಕೊಳ್ಳುತ್ತದೆ. ತಿಂಗಳ ನಂತರ ಎಸಿಯಿಂದ ನೀರು ತೊಟ್ಟಿಕ್ಕಿದಾಗ ಪೇಂಟಿಂಗಿಗೂ ಅದಕ್ಕೂ ನಂಟಿದೆ ಅಂತ ಯಾರಿಗೂ ಹೊಳೆಯುವುದಿಲ್ಲ. ಆ ಕೋಣೆಯ ಎಸಿಯ ಎಂಸಿಬಿಯನ್ನು (ಲೋಡ್ ಹೆಚ್ಚಾದರೆ ತಾನೇ ಬೀಳುವ ಸ್ವಿಚ್ಚನ್ನು) ಕೆಳಗಿಳಿಸಿ, ಅದರ ಮೇಲೊಂದು ಟೇಪ್ ಅಂಟಿಸಿ, ಯೂನಿಟ್ಟಿಗೆ ಪ್ಲಾಸ್ಟಿಕ್ ಸುತ್ತಿದರೆ ಮುಗಿಯಿತು. ಫ್ರಿಜ್ಜಿಗೆ ಮಾತ್ರ ಈ ಉಪಾಯ ತಿರುಗುಬಾಣ. ಓಡುತ್ತಿರುವ ಫ್ರಿಜ್ಜನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿದರೆ ಬಿಸಿ ಹೊರಗೆ ಹೋಗದೆ ಕಂಪ್ರೆಸರ್ ಕಾಯುತ್ತದೆ. ಅದನ್ನು ಬೇರೆ ಕೋಣೆಗೆ ಒಯ್ಯಬೇಕು, ಇಲ್ಲವೇ ಖಾಲಿ ಮಾಡಿ ಆಫ್ ಮಾಡಿಯೇ ಮುಚ್ಚಬೇಕು.

ಆ್ಯಸಿಡ್ಡಿನ ಹಾನಿಯನ್ನು ಸರಿಪಡಿಸುವುದು ಎಲ್ಲಕ್ಕಿಂತ ಕಷ್ಟ. ಟೈಲ್ಸ್ ಮೇಲೆ ಉಳಿದ ಸಿಮೆಂಟ್, ಗ್ರೌಟ್ ಕಲೆ ತೆಗೆಯಲು ಕೊನೆಯ ದಿನ ಆ್ಯಸಿಡ್ ಬಾಟಲಿ ಹೊರಬರುತ್ತದೆ. ಅದು ಹೈಡ್ರೋಕ್ಲೋರಿಕ್ ಆಮ್ಲ. ವಿಟ್ರಿಫೈಡ್ ಟೈಲ್ಸ್ ತಡೆದುಕೊಳ್ಳುತ್ತದೆ. ಮಾರ್ಬಲ್, ಕಡಪ, ಕೋಟಾ, ನಮ್ಮ ಕಲಬುರಗಿ ಸೀಮೆಯ ಶಹಾಬಾದ್ ಕಲ್ಲು ತಡೆದುಕೊಳ್ಳುವುದಿಲ್ಲ. ಇವೆಲ್ಲ ಸುಣ್ಣದ ಅಂಶದ ಕಲ್ಲುಗಳು. ಹನಿ ಬಿದ್ದಲ್ಲಿ ನೊರೆ ಎದ್ದು ಹೊಳಪು ಹೋಗುತ್ತದೆ, ಮತ್ತೆ ಪಾಲಿಶ್ ಮಷಿನ್ ಹಾಕಿಸದೆ ಬೇರೆ ದಾರಿಯಿಲ್ಲ. ಹನಿಯೇ ಬೀಳಬೇಕೆಂದೂ ಇಲ್ಲ. ಬಾತ್‌ರೂಮ್ ಬಾಗಿಲು ಮುಚ್ಚಿಕೊಂಡು ಆ್ಯಸಿಡ್ ಸುರಿದರೆ ಆವಿ ಸಾಕು. ಕ್ರೋಮ್ ನಲ್ಲಿಗಳು ಮಂಕಾಗಿ ಚುಕ್ಕಿ ಏಳುತ್ತವೆ, ಸ್ಟೀಲ್ ಟವೆಲ್ ರಾಡಿಗೆ, ಬಾಗಿಲ ಚಿಲಕಕ್ಕೆ ತುಕ್ಕಿನ ಕಲೆ ಬರುತ್ತದೆ. "ನಲ್ಲಿ ಹತ್ರ ನಾವು ಕೈನೇ ಇಟ್ಟಿಲ್ಲ ಮೇಡಂ" ಅನ್ನುವ ಮಾತು ಆಗ ಸುಳ್ಳೂ ಅಲ್ಲ, ಸಮಜಾಯಿಷಿಯೂ ಅಲ್ಲ.

ಹಳೆ ಬೆಂಗಳೂರು, ಮೈಸೂರು, ಕರಾವಳಿಯ ಮನೆಗಳ ಕೆಂಪು ನೆಲಕ್ಕೆ ಇದು ಇನ್ನೂ ದೊಡ್ಡ ಪೆಟ್ಟು. ರೆಡ್ ಆಕ್ಸೈಡ್ ನೆಲವೆಂದರೆ ಸಿಮೆಂಟಿಗೆ ಕಬ್ಬಿಣದ ಕೆಂಪು ಆಕ್ಸೈಡ್ ಬೆರೆಸಿ ಕರಣೆಯಿಂದ ಉಜ್ಜಿ ಉಜ್ಜಿ ನುಣುಪು ತಂದ ತೆಳುವಾದ ಪದರ. ಬಣ್ಣವನ್ನು ಹಿಡಿದಿಟ್ಟಿರುವುದು ಸಿಮೆಂಟ್. ಆಮ್ಲ ಸಿಮೆಂಟನ್ನೇ ತಿನ್ನುತ್ತದೆ, ಬಿಳಿಚಿಕೊಂಡ ಒರಟು ಮಚ್ಚೆ ಉಳಿಯುತ್ತದೆ. ಪಕ್ಕದ ಬಾತ್‌ರೂಮ್ ರಿಪೇರಿಗೆ ಓಡಾಡಿದವರ ಕಾಲಿನಿಂದ ಬಿದ್ದ ಸಿಮೆಂಟ್ ಗಟ್ಟಿಯಾದ ಮೇಲೆ ಅದನ್ನು ಕೆರೆದು ತೆಗೆದರೂ ಅದೇ ಪಾಡು. ತೇಪೆ ಹಾಕಿದರೆ ಬಣ್ಣ ಕೂಡುವುದಿಲ್ಲ, ಏಕೆಂದರೆ ಹಳೆ ನೆಲದ ಬಣ್ಣದಲ್ಲಿ ಆಕ್ಸೈಡಿನ ಜೊತೆಗೆ ಮೂವತ್ತು ನಲವತ್ತು ವರ್ಷ ಒರೆಸಿದ, ನಡೆದಾಡಿದ ಸವೆತವೂ ಸೇರಿರುತ್ತದೆ. ಇಂಥ ನೆಲಕ್ಕೆ ಬರೀ ಪ್ಲಾಸ್ಟಿಕ್ ಹಾಸುವುದು ಕಣ್ಣೊರೆಸುವ ತಂತ್ರ. ಹಾಳೆಯ ಕೆಳಗೆ ಸೇರಿದ ಒಂದೊಂದು ಮರಳಿನ ಕಣವೂ ಬೂಟಿನ ಭಾರಕ್ಕೆ ಗೀರುತ್ತದೆ. ಮೊದಲು ಚೆನ್ನಾಗಿ ಗುಡಿಸಿ, ದಪ್ಪ ಹಳೆ ಜಮಖಾನ ಅಥವಾ ಬೆಡ್‌ಶೀಟ್ ಮಡಚಿ ಹಾಸಿ, ಅದರ ಮೇಲೆ 100 ಮೈಕ್ರಾನಿಗೆ ಕಡಿಮೆಯಿಲ್ಲದ ಪ್ಲಾಸ್ಟಿಕ್, ಓಡಾಡುವ ದಾರಿಯಲ್ಲಿ ಅದರ ಮೇಲೆ ಹಳೆ ಪ್ಲೈವುಡ್ ತುಂಡು ಅಥವಾ ದಪ್ಪ ರಟ್ಟು. ಮಾರ್ಬಲ್ಲಿಗೆ ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಹೊದಿಸುವ ಪದ್ಧತಿ ಇದೆಯಲ್ಲ, ಅಲ್ಲೂ ಕೆಳಗೆ ಪ್ಲಾಸ್ಟಿಕ್ ಇರಲೇಬೇಕು. ಇಲ್ಲದಿದ್ದರೆ ಪಿಒಪಿ ಜಾಯಿಂಟಿನೊಳಗೆ ಇಳಿದು ಕೂರುತ್ತದೆ. ಗೋಣಿಚೀಲ ಹಾಸಿದರಂತೂ ಒದ್ದೆಯಾದಾಗ ಕಂದು ಬಣ್ಣ ಬಿಟ್ಟುಕೊಳ್ಳುತ್ತದೆ.

ಗ್ರಿಲ್ ಕೆಲಸದವರ ಕಿಡಿಗಳನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ಗ್ರೈಂಡರಿನಿಂದ ಹಾರುವುದು ಕಾದ ಉಕ್ಕಿನ ಚೂರು. ಕಿಟಕಿ ಗಾಜಿಗೆ, ಕೆಳಗೆ ನಿಲ್ಲಿಸಿದ ಕಾರಿನ ಗಾಜಿಗೆ ತಗುಲಿದ್ದೇ ಅದು ಗಾಜಿನಲ್ಲಿ ಕಚ್ಚಿಕೊಳ್ಳುತ್ತದೆ. ಮೊದಲು ಧೂಳಿನಂತೆ ಕಾಣುವ ಚುಕ್ಕಿ, ಮಳೆ ಬಿದ್ದ ಮೇಲೆ ತುಕ್ಕು ಬಣ್ಣಕ್ಕೆ ತಿರುಗುತ್ತದೆ, ಬೆರಳಾಡಿಸಿದರೆ ಒರಟು. ಒರೆಸಿದರೆ ಹೋಗದು, ಗಾಜನ್ನೇ ಬದಲಿಸಬೇಕು. ಕಿಡಿ ಹಾರುವ ದಿಕ್ಕಿಗೆ ಒಂದು ಪ್ಲೈವುಡ್ ಹಲಗೆ ನಿಲ್ಲಿಸಿದ್ದರೆ ಸಾಕಿತ್ತು.

ಒಂದೇ ಏಟಿಗೆ ಅತಿ ಹೆಚ್ಚು ನಷ್ಟ ಮಾಡುವುದು ಮಾತ್ರ ಕಣ್ಣಿಗೇ ಕಾಣದ ತಪ್ಪು. ಮೂರು ಫೇಸ್ ಇರುವ ಮನೆಯಲ್ಲಿ ಡಿಬಿ (ಎಂಸಿಬಿಗಳೆಲ್ಲ ಇರುವ ಪೆಟ್ಟಿಗೆ) ಬದಲಿಸುವಾಗ ನ್ಯೂಟ್ರಲ್ ವೈರಿನ ಸ್ಕ್ರೂ ಸಡಿಲ ಉಳಿಯಿತು ಅನ್ನಿ. 230 ವೋಲ್ಟ್ ಬರಬೇಕಾದ ಪ್ಲಗ್ಗಿಗೆ, ಆಗ ಯಾವ ಫೇಸಿನಲ್ಲಿ ಎಷ್ಟು ಲೋಡ್ ಇದೆ ಅನ್ನುವುದರ ಮೇಲೆ, 400ರ ಹತ್ತಿರದವರೆಗೂ ಹೋಗಬಹುದು. ಎಂಸಿಬಿ ಬೀಳುವುದಿಲ್ಲ, ಅದು ನೋಡುವುದು ಕರೆಂಟಿನ ಪ್ರಮಾಣವನ್ನೇ ಹೊರತು ವೋಲ್ಟೇಜನ್ನಲ್ಲ. ಟಿವಿ, ಫ್ರಿಜ್, ರೂಟರ್, ವಾಷಿಂಗ್ ಮಷಿನ್ ಬೋರ್ಡು ಒಟ್ಟಿಗೆ ಹೋಗುತ್ತವೆ. ಎಲೆಕ್ಟ್ರಿಷಿಯನ್ "ಲೈನಲ್ಲೇ ಹೈ ವೋಲ್ಟೇಜ್ ಬಂದಿದೆ" ಎಂದು ವಿದ್ಯುತ್ ಕಂಪನಿಯ ಕಡೆ ಕೈ ತೋರಿಸುತ್ತಾನೆ. ಪಕ್ಕದ ಮನೆಗಳಲ್ಲಿ ಏನೂ ಆಗಿಲ್ಲ ಅನ್ನುವುದು ನಿಮ್ಮ ಮೊದಲ ಸಾಕ್ಷಿ. ಸರ್ವಿಸ್ ಸೆಂಟರಿನವರು ಜಾಬ್‌ಶೀಟಿನಲ್ಲಿ "ಓವರ್ ವೋಲ್ಟೇಜ್, ವೇರಿಸ್ಟರ್ ಸುಟ್ಟಿದೆ" ಎಂದು ಬರೆದುಕೊಟ್ಟರೆ ಅದು ಎರಡನೆಯದು. ವೇರಿಸ್ಟರ್ ಅಂದರೆ ಹೆಚ್ಚಿನ ವೋಲ್ಟೇಜನ್ನು ತಡೆಯಲು ಬೋರ್ಡಿನಲ್ಲಿ ಇಟ್ಟಿರುವ ಬಿಡಿಭಾಗ. ಬೋರ್ಡ್ ಬದಲಿಸಿದ ಮೇಲೆ ಹಳೆ ಬೋರ್ಡನ್ನು ಅವರ ಹತ್ತಿರ ಬಿಟ್ಟುಬರಬೇಡಿ. ಡಿಬಿ ಕೆಲಸದ ದಿನ ಎಲ್ಲ ಪ್ಲಗ್ ಕಿತ್ತಿಟ್ಟು, ಕೆಲಸ ಮುಗಿದ ಮೇಲೆ ಮೀಟರ್ ಇಟ್ಟು ವೋಲ್ಟೇಜ್ ತೋರಿಸಿ ಅಂದರೆ ಇದ್ಯಾವುದೂ ಬೇಕಾಗುವುದಿಲ್ಲ.

ಇನ್ನು ಚಿಕ್ಕವು. ಗೋಡೆಗೆ ಎರಡು ಮುಖ, ಒಡೆಯುವ ಮಷಿನ್ ಹಾಕುವವನಿಗೆ ಕಾಣುವುದು ಒಂದೇ. ನಾಲ್ಕಿಂಚಿನ ಗೋಡೆಯಾದರೆ ಹಿಂಬದಿಯ ಗಡಿಯಾರ, ದೇವರ ಪಟ, ಶೋಕೇಸಿನ ಗಾಜುಗಳನ್ನು ಮೊದಲೇ ಇಳಿಸಿಡಿ. ಬೀರನ್ನು ತುಂಬಿದ ಹಾಗೇ ಎಳೆದರೆ ಕಾಲು ಬಗ್ಗಿ ಬಾಗಿಲು ಕೂರದಂತಾಗುತ್ತದೆ. ಎನ್‌ಸಿ ಥಿನ್ನರಿನಲ್ಲಿ ಪೇಂಟ್ ಕಲೆ ಒರೆಸಿದರೆ ಕಲೆಯ ಜೊತೆ ಟೀಕ್ ಬಾಗಿಲಿನ ಪಾಲಿಶೂ ಹೋಗುತ್ತದೆ, ಅಕ್ರಿಲಿಕ್ ಆಗಿದ್ದರೆ ಕರಗಿಯೇ ಹೋಗುತ್ತದೆ. ಪಾಲಿಶ್ ಮಾಡಿದ ಮರಕ್ಕೆ ನೇರವಾಗಿ ಅಂಟಿಸಿ ಬಿಸಿಲಿಗೆ ದಿನಗಟ್ಟಲೆ ಬಿಟ್ಟ ಮಾಸ್ಕಿಂಗ್ ಟೇಪ್ ಕಿತ್ತರೂ ಅದೇ ಗತಿ. ಕಿಚನ್ ಸ್ಲ್ಯಾಬಿನ ಸಿಂಕ್ ಪಕ್ಕದ ಸಣ್ಣ ಪಟ್ಟಿಯ ಮೇಲೆ ನಿಂತು ಡ್ರಿಲ್ ಹಾಕುವುದು, ಗಾರೆ ಕಲಸಿದ ಬಕೆಟ್ಟನ್ನು ಬಾತ್‌ರೂಮಿನ ನೀರು ಇಳಿಯುವ ಟ್ರ್ಯಾಪಿಗೆ ತೊಳೆಯುವುದು, ಇವೆರಡರ ಹಾನಿಯೂ ಅಂದೇ ಗೊತ್ತಾಗುವುದಿಲ್ಲ. ಪೈಪಿನೊಳಗೆ ಸಿಮೆಂಟ್ ಹಾಲು ಗಟ್ಟಿಯಾಗಿ ನೀರು ನಿಲ್ಲಲು ಶುರುವಾಗುವ ಹೊತ್ತಿಗೆ ಮೇಸ್ತ್ರಿ ಇನ್ನೆರಡು ಮನೆ ಮುಗಿಸಿರುತ್ತಾನೆ.

"ಎಲ್ಲ ತಾರಸಿಗೆ ಹಾಕಿಬಿಡಿ" ಅನ್ನುವ ಸಲಹೆಗೂ ಒಂದು ಎಚ್ಚರಿಕೆ. ವೀಣೆಯ ಮೆಟ್ಟಿಲುಗಳನ್ನು ಕೂರಿಸಿರುವುದು ಮೇಣದಲ್ಲಿ, ಬಿಸಿಲಿಗೆ ಅದು ಮೆತ್ತಗಾಗಿ ಶ್ರುತಿಯ ಜಾಗ ಕದಲುತ್ತದೆ. ಮೈಸೂರು ಶೈಲಿಯ ಹಳೆ ಚಿತ್ರಗಳ ಗೆಸ್ಸೊ ಎಂಬ ಅಂಟುಲೇಪದ ಉಬ್ಬುಗೆಲಸಕ್ಕೆ ಒದ್ದೆ ಬಟ್ಟೆ ತಾಗಬಾರದು. ಇಂಥವನ್ನು ಕೆಲಸದವರ ಕೈಗೆ ಕೊಡುವ ಪ್ರಶ್ನೆಯೇ ಬರಬಾರದು. ಒಡವೆ, ನಗದು, ಮನೆಪತ್ರಗಳ ಹಾಗೆ ಇವೂ ಮೊದಲೇ ನೆಂಟರ ಮನೆ ಸೇರಬೇಕು.

ಶುರುವಾಗುವ ಮುನ್ನ

ಪರಿಹಾರದ ಮುಕ್ಕಾಲು ಪಾಲು ಇಲ್ಲಿದೆ, ಮತ್ತು ಅದು ಒಂದು ವಾಕ್ಯದಲ್ಲಿದೆ: ಮುಚ್ಚುವ ಕೆಲಸಕ್ಕೆ ರೇಟು ಕೊಡಿ. ಪುಕ್ಕಟೆಯಾಗಿ ನಿರೀಕ್ಷಿಸಿದ್ದು ಪುಕ್ಕಟೆ ಕೆಲಸದ ಹಾಗೇ ನಡೆಯುತ್ತದೆ. ಕೊಟೇಷನ್ನಿನ ಕೆಳಗೆ ಹೀಗೆ ಬರೆಸಿ: "ಕೆಲಸ ನಡೆಯುವ ಕೋಣೆಗಳ ಸಾಮಾನನ್ನು ಸರಿಸುವುದು, ಮುಚ್ಚುವುದು, ಪ್ರತಿ ಸಂಜೆ ಗುಡಿಸುವುದು ಗುತ್ತಿಗೆದಾರರ ಜವಾಬ್ದಾರಿ, ಇದಕ್ಕೆ ಪ್ರತ್ಯೇಕವಾಗಿ ಇಷ್ಟು ರೂಪಾಯಿ. ಟೈಲ್ಸ್ ಕತ್ತರಿಸುವುದು ಬಾಲ್ಕನಿ ಅಥವಾ ಹೊರಗೆ ಮಾತ್ರ. ಕೇಳದೆ ಆ್ಯಸಿಡ್ ಬಳಸುವಂತಿಲ್ಲ. ಅವರ ಅಥವಾ ಅವರು ಕರೆತಂದವರ ಅಜಾಗರೂಕತೆಯಿಂದ ಆದ ಹಾನಿಯನ್ನು ರಿಪೇರಿ ಮಾಡಿಸಿಕೊಡಬೇಕು, ರಿಪೇರಿ ಆಗದಿದ್ದರೆ ವಸ್ತುವಿನ ಈಗಿನ ಬೆಲೆ ಕೊಡಬೇಕು. ಒಟ್ಟು ಮೊತ್ತದ ಶೇ 10ರಷ್ಟನ್ನು ಕೆಲಸ ಮುಗಿದ 15 ದಿನದ ನಂತರ ಕೊಡಲಾಗುವುದು. ಕಂಡುಬಂದ ಹಾನಿಯನ್ನು ಮಾಲೀಕರು 48 ಗಂಟೆಯೊಳಗೆ ಬರಹದಲ್ಲಿ ತಿಳಿಸಬೇಕು." ಕೊನೆಯ ವಾಕ್ಯ ಕಂಟ್ರಾಕ್ಟರ್ ಪರವಾದದ್ದು, ಬೇಕೆಂದೇ ಸೇರಿಸಿದ್ದು. ಎಲ್ಲವೂ ಒಂದೇ ಕಡೆ ವಾಲಿದ ಕಾಗದಕ್ಕೆ ಯಾರೂ ಮನಸ್ಸಿಟ್ಟು ಸಹಿ ಹಾಕುವುದಿಲ್ಲ. "ಕರೆತಂದವರ" ಅನ್ನುವ ಪದವೂ ಬಿಟ್ಟುಹೋಗಬಾರದು. ಪೇಂಟಿಂಗ್ ಒಬ್ಬರಿಗೆ, ಪ್ಲಂಬಿಂಗ್ ಇನ್ನೊಬ್ಬರಿಗೆ ಒಳಗುತ್ತಿಗೆ ಕೊಟ್ಟು, ಹಾನಿಯಾದಾಗ "ಅದು ನಮ್ಮ ಹುಡುಗರಲ್ಲ" ಅನ್ನುವುದು ದಿನನಿತ್ಯದ ಮಾತು.

ಕೆಲಸ ಶುರುವಾಗುವ ಬೆಳಿಗ್ಗೆ ಒಂದು ವಿಡಿಯೊ. ಬಾಗಿಲಿನಿಂದ ಶುರುಮಾಡಿ ನಿಧಾನಕ್ಕೆ, ಎಲ್ಲೂ ನಿಲ್ಲಿಸದೆ. ಟಿವಿ, ಫ್ರಿಜ್, ಗೀಸರ್ ಆನ್ ಮಾಡಿ ತೋರಿಸಿ. ಪ್ರತಿ ಬಾತ್‌ರೂಮಿನಲ್ಲಿ ಒಂದು ಬಕೆಟ್ ನೀರು ಸುರಿದು ಅದು ಇಳಿಯುವುದನ್ನು ತೋರಿಸಿ. ಈಗಾಗಲೇ ಇರುವ ಗೀರು, ಬಿರುಕುಗಳನ್ನೂ ಬೆರಳಿಟ್ಟು ತೋರಿಸಿ. "ಅದು ಮೊದಲೇ ಇತ್ತು ಸರ್" ಅನ್ನುವ ಮಾತು ಎಷ್ಟೋ ಸಲ ನಿಜವೇ ಆಗಿರುತ್ತದೆ, ಹಳೆ ಗೀರಿಗೆ ಹೊಸಬರ ಮೇಲೆ ಹೊರೆ ಹಾಕುವ ಮನೆಯವರೂ ಇದ್ದಾರೆ. ಆ ವಿಡಿಯೊವನ್ನು ಅವತ್ತೇ ಕಂಟ್ರಾಕ್ಟರಿನ ವಾಟ್ಸ್ಆ್ಯಪ್ಪಿಗೆ ಕಳಿಸಿ "ನೋಡಿದೆ" ಅನ್ನಿಸಿಕೊಳ್ಳಿ. ಮೂಲ ಫೈಲನ್ನು ಮಾತ್ರ ಫೋನಿನಲ್ಲಿ ಹಾಗೇ ಉಳಿಸಿಕೊಳ್ಳಬೇಕು. ವಾಟ್ಸ್ಆ್ಯಪ್ಪಿನಲ್ಲಿ ಮಾಮೂಲಿಯಾಗಿ ಕಳಿಸಿದ ಫೋಟೊ ಕುಗ್ಗುತ್ತದೆ, ತೆಗೆದ ದಿನ ಸಮಯದ ಮಾಹಿತಿಯೂ ಅದರೊಳಗಿನಿಂದ ಅಳಿಸಿಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಉಳಿಯುತ್ತದೆ. ಮುಂದೆ ಕೋರ್ಟಿನವರೆಗೆ ಹೋದರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಡಿ ಎಲೆಕ್ಟ್ರಾನಿಕ್ ದಾಖಲೆಗೆ ಬೇಕಾದ ಪ್ರಮಾಣಪತ್ರ ಕೇಳುವುದು ಇಂಥ ಫೈಲುಗಳಿಗೇ.

ಸಾಮಾನು ಎತ್ತುವಾಗ "ಸ್ವಲ್ಪ ಕೈ ಕೊಡಿ ಸರ್" ಅಂದರೆ ಕೊಡಬೇಡಿ. ಒರಟುತನ ಅನ್ನಿಸಬಹುದು. ಆದರೆ ಒಂದು ತುದಿ ನಿಮ್ಮ ಕೈಯಲ್ಲಿದ್ದಾಗ ಬೀರಿನ ಕನ್ನಡಿ ಒಡೆದರೆ ಯಾರ ಕೈಜಾರಿತು ಅನ್ನುವುದಕ್ಕೆ ಕೊನೆಯಿಲ್ಲ.

ಆದ ಮೇಲೆ

ಹಾನಿ ಕಂಡ ತಕ್ಷಣ ಎಲ್ಲರೂ ಮಾಡುವ ಮೊದಲ ಕೆಲಸ ಒರೆಸುವುದು. ಅದಕ್ಕೂ ಮೊದಲು ಫೋಟೊ: ಒಂದು ದೂರದಿಂದ, ಕೋಣೆ ಗೊತ್ತಾಗುವಂತೆ, ಒಂದು ಹತ್ತಿರದಿಂದ, ಪಕ್ಕದಲ್ಲೊಂದು ಸ್ಕೇಲ್ ಇಟ್ಟು. ಇದಕ್ಕೆ ಅರ್ಧ ನಿಮಿಷ ಸಾಕು. ಚೆಲ್ಲಿದ್ದು ಎಮಲ್ಷನ್ ಆಗಿದ್ದರೆ ಒಣಗುವ ಮೊದಲು ಒದ್ದೆ ಬಟ್ಟೆಗೇ ಬರುತ್ತದೆ, ಎನಾಮೆಲ್ ಆದರೆ ಟರ್ಪೆಂಟೈನ್, ಅದೂ ಮರೆಯಲ್ಲೊಂದು ಮೂಲೆಯಲ್ಲಿ ಪರೀಕ್ಷೆ ಮಾಡಿ. ತಡೆಯಬಹುದಾದ ನಷ್ಟವನ್ನು ತಡೆಯದೆ ಸುಮ್ಮನೆ ನೋಡುತ್ತ ನಿಂತರೆ ಆ ಭಾಗದ ಪರಿಹಾರ ನಿಮಗೆ ಸಿಗುವುದಿಲ್ಲ. 1872ರ ಕರಾರು ಕಾಯ್ದೆಯ 73ನೇ ಕಲಂ ನಷ್ಟವನ್ನು ಲೆಕ್ಕ ಹಾಕುವಾಗ ಇದನ್ನೂ ನೋಡುತ್ತದೆ. ಒಡೆದ ಚೂರುಗಳನ್ನು ಎಸೆಯಬೇಡಿ. ಅವತ್ತೇ ಕಂಟ್ರಾಕ್ಟರಿಗೆ ಎರಡೇ ಸಾಲಿನ ಮೆಸೇಜ್: ಏನಾಗಿದೆ, ಏನು ಮಾಡಿಸಿಕೊಡಬೇಕು. ಬೈಗುಳ ಬೇಡ. ಆ ಮೆಸೇಜನ್ನು ಮುಂದೆ ಮೂರನೆಯವರೊಬ್ಬರು ಓದುತ್ತಾರೆ ಅಂದುಕೊಂಡು ಬರೆಯಿರಿ.

ಕೆಲಸದ ಹುಡುಗನನ್ನು ನಿಲ್ಲಿಸಿ ದಬಾಯಿಸುವುದರಿಂದ ಆಗುವುದು ಒಂದೇ. ಮೇಸ್ತ್ರಿ ಅವನ ಕೂಲಿಯಲ್ಲಿ ಮುರಿದುಕೊಳ್ಳುತ್ತಾನೆ, ನಿಮಗೆ ಏನೂ ಸಿಗುವುದಿಲ್ಲ. ಕರಾರು ಇರುವುದು ಕಂಟ್ರಾಕ್ಟರಿನ ಜೊತೆ, ಲಾಭವೂ ಅವನದು, ಮಾತೂ ಅವನ ಹತ್ತಿರವೇ ಇರಲಿ. ಡ್ರಿಲ್ ಮಷಿನ್ನನ್ನೋ ಕಟರನ್ನೋ ಒತ್ತೆಯ ಹಾಗೆ ಇಟ್ಟುಕೊಳ್ಳುವುದು ಕೆಲವರಿಗೆ ಜಾಣತನವಾಗಿ ಕಾಣುತ್ತದೆ. ಅಲ್ಲಿಗೆ ತಪ್ಪಿನ ತಕ್ಕಡಿ ನಿಮ್ಮ ಕಡೆ ವಾಲುತ್ತದೆ. ಪೊಲೀಸ್ ಠಾಣೆಗೆ ಹೋದರೂ "ಇದು ಸಿವಿಲ್" ಅಂತಲೇ ಕಳಿಸುತ್ತಾರೆ, ಅದರಲ್ಲಿ ತಪ್ಪಿಲ್ಲ. ಭಾರತೀಯ ನ್ಯಾಯ ಸಂಹಿತೆಯ 324ನೇ ಕಲಮಿನ ಕಿಡಿಗೇಡಿತನಕ್ಕೆ ಹಾಳುಮಾಡುವ ಉದ್ದೇಶ, ಅಥವಾ ಹಾಳಾಗುತ್ತದೆಂಬ ಅರಿವು ಇರಬೇಕು. ಬರೀ ಅಜಾಗರೂಕತೆ ಅದರಡಿ ಬರುವುದಿಲ್ಲ. ವಸ್ತು ಕಾಣೆಯಾದದ್ದು ಬೇರೆಯೇ ವಿಷಯ. ಅಲ್ಲಿಯೂ ಅನುಮಾನದ ಮೇಲೆ ಕೆಲಸದವರ ಚೀಲ ಜಾಲಾಡುವ ಹಕ್ಕು ಯಾರಿಗೂ ಇಲ್ಲ.

ಎಷ್ಟು ಕೇಳಬೇಕು? ಹೆಚ್ಚಿನ ಜಗಳ ನಿಲ್ಲುವುದು ಈ ಪ್ರಶ್ನೆಯಲ್ಲಿ. ಹೊಸದರ ಬೆಲೆ ಕೇಳುವುದು ಸಾಮಾನ್ಯ, ಸಿಗುವುದು ಅಪರೂಪ. ನಿಯಮ ಸರಳ: ರಿಪೇರಿ ಆಗುವುದಾದರೆ ರಿಪೇರಿ ಖರ್ಚು, ಆಗದಿದ್ದರೆ ಬಳಸಿದ ವಸ್ತುವಿನ ಈಗಿನ ಬೆಲೆ. 10 ವರ್ಷ ಬಾಳುತ್ತದೆ ಅನ್ನಬಹುದಾದ 40,000 ರೂಪಾಯಿಯ ಸೋಫಾ, 6 ವರ್ಷ ಬಳಸಿದ್ದು ಅಂದುಕೊಳ್ಳಿ. ಪೂರ್ತಿ ಹಾಳಾದರೂ ಉಳಿದಿರುವ ಬೆಲೆ 16,000ದ ಸುಮಾರು. ಬಟ್ಟೆ ಬದಲಿಸಲು 12,000 ಸಾಕಾದರೆ ಕೇಳಬೇಕಾದ್ದು 12,000. ವಾಷ್‌ಬೇಸಿನ್ ಚಕ್ಕೆ ಎದ್ದರೆ ರಿಪೇರಿ ಎಂಬುದಿಲ್ಲ. ಅದೇ ದರ್ಜೆಯ ಬೇಸಿನ್ ಜೊತೆಗೆ ಕೂರಿಸುವ ಕೂಲಿಯನ್ನೂ ಸೇರಿಸಿ. ತಕರಾರು ಏಳುವುದು ವಾರ್ಡ್‌ರೋಬ್ ಬಾಗಿಲಿನಂಥ ಜೋಡಿ ವಸ್ತುಗಳಲ್ಲಿ. ಒಂದು ಬಾಗಿಲಿನ ಸನ್‌ಮೈಕಾ ಕಿತ್ತಿದೆ, ಆ ಶೇಡ್ ಈಗ ಸಿಗುತ್ತಿಲ್ಲ. ನಾಲ್ಕಕ್ಕೂ ಹೊಸದು ಹಾಕಿಸಿ ಎಂದು ಮನೆಯವರು, ಒಂದಕ್ಕೆ ಕೊಡುತ್ತೇನೆ ಎಂದು ಕಂಟ್ರಾಕ್ಟರ್. ಒಟ್ಟಿಗೆ ಕಣ್ಣಿಗೆ ಬೀಳುವ ಸಾಲನ್ನು ಒಂದು ವಸ್ತು ಎಂದೇ ಎಣಿಸುವುದು ನ್ಯಾಯ, ಪಕ್ಕದ ಕೋಣೆಯ ಬಾಗಿಲುಗಳನ್ನು ಅದಕ್ಕೆ ಸೇರಿಸುವುದು ದುರಾಸೆ. ಬೇರೆ ಬೇರೆ ಕಡೆಯಿಂದ ಎರಡು ಎಸ್ಟಿಮೇಟ್ ಬರಹದಲ್ಲಿ ತಂದು ಕಡಿಮೆಯದನ್ನು ಮುಂದಿಡಿ.

ಉಳಿಸಿಕೊಂಡ ಶೇ 10ರಲ್ಲಿ ಈ ಮೊತ್ತವನ್ನಷ್ಟೇ ಹಿಡಿದು ಉಳಿದದ್ದನ್ನು ಅವತ್ತೇ ಕೊಟ್ಟುಬಿಡಬೇಕು. 3,000ದ ಹಾನಿಗೆ 30,000 ತಡೆಹಿಡಿದವರು ವಾದದಲ್ಲಿ ಅರ್ಧ ಸೋತಂತೆ. ಇಲ್ಲಿ ಬಿಲ್ಲಿನ ವಿಷಯವೂ ಬರುತ್ತದೆ. ಶೇ 18ರ ಜಿಎಸ್‌ಟಿ ಉಳಿಯಲಿ ಅಂತ ನಗದು ಕೊಟ್ಟು ಬಿಲ್ಲೇ ಬೇಡವೆಂದವರಿಗೆ ಕೆಲಸ ಕೊಟ್ಟದ್ದಕ್ಕೇ ಸಾಕ್ಷಿ ಇರುವುದಿಲ್ಲ. ಜಿಎಸ್‌ಟಿ ನೋಂದಣಿ ಇಲ್ಲದ ಸಣ್ಣ ಕಂಟ್ರಾಕ್ಟರಾದರೆ ಬಿಳಿ ಹಾಳೆಯ ರಸೀದಿಯೂ ಯುಪಿಐ ಪಾವತಿಯ ದಾಖಲೆಯೂ ಸಾಕು.

ಮಾತಿಗೆ ಬಗ್ಗದಿದ್ದರೆ

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಮೊದಲ ಮೆಟ್ಟಿಲು. ಹೆಸರಿರುವ ಕಂಪನಿಯಾಗಲಿ ಆ್ಯಪ್ ಮೂಲಕ ಬುಕ್ ಮಾಡಿದ ಸೇವೆಯಾಗಲಿ ಆದರೆ ಇಲ್ಲೇ ಬಗೆಹರಿಯುವ ಸಾಧ್ಯತೆ ಹೆಚ್ಚು, ಒಂಟಿ ಮೇಸ್ತ್ರಿಯಾದರೆ ಕಡಿಮೆ. ಆ್ಯಪಿನವರ ಹಾನಿ ಪರಿಹಾರಕ್ಕೆ ದೂರು ಕೊಡುವ ಗಡುವು ಇರುತ್ತದೆ, ಬುಕ್ ಮಾಡುವಾಗಲೇ ಓದಿಕೊಳ್ಳಿ.

ಅದರಾಚೆಗೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಆಯೋಗದ ವ್ಯಾಪ್ತಿ, ಶುಲ್ಕ ಎರಡನ್ನೂ ನಿರ್ಧರಿಸುವುದು ನೀವು ಸೇವೆಗೆ ಕೊಟ್ಟ ಹಣ, ಕೇಳುತ್ತಿರುವ ಪರಿಹಾರವಲ್ಲ. ಕೊಟ್ಟದ್ದು 5 ಲಕ್ಷದೊಳಗಿದ್ದರೆ ಶುಲ್ಕವೇ ಇಲ್ಲ, 50 ಲಕ್ಷದವರೆಗೆ ಜಿಲ್ಲಾ ಆಯೋಗದಲ್ಲೇ ನಡೆಯುತ್ತದೆ. ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಆನ್‌ಲೈನಿನಲ್ಲೂ ಸಲ್ಲಿಸಬಹುದು, ವಕೀಲರು ಕಡ್ಡಾಯವಲ್ಲ. ಗಡುವು 2 ವರ್ಷ. ಮೊದಲೊಂದು ನೋಟಿಸ್ ಕಳಿಸಿ, ತಲುಪಿದ್ದಕ್ಕೆ ಅಂಚೆಯ ಪುರಾವೆ ಇಟ್ಟುಕೊಳ್ಳಿ. ಕಾಯ್ದೆ ಹೇಳುವ ಮೂರು ತಿಂಗಳಲ್ಲಿ ತೀರ್ಪು ಬರುತ್ತದೆಂದು ಮಾತ್ರ ನಂಬಿ ಕೂರಬೇಡಿ.

ಗಮನಕ್ಕೆ ಬಾರದ ಒಂದು ಕಂದಕ ಇಲ್ಲಿದೆ. ಗುತ್ತಿಗೆ ಕೊಟ್ಟಿದ್ದರೆ ನೀವು ಗ್ರಾಹಕರು. ಕೂಲಿ ಲೆಕ್ಕದಲ್ಲಿ ಆಳುಗಳನ್ನು ಕರೆದು, ಎದುರಿಗೆ ನಿಂತು ಹೀಗೆ ಮಾಡಿ ಹಾಗೆ ಮಾಡಿ ಎಂದು ನೀವೇ ಮಾಡಿಸಿದ್ದರೆ, ಅದು ಒಡೆಯ-ಆಳಿನ ಸಂಬಂಧದ ವೈಯಕ್ತಿಕ ಸೇವೆ ಎಂದಾಗಿ ಕಾಯ್ದೆಯ ಹೊರಗೆ ಬೀಳಬಹುದು. ದಿನಗೂಲಿಗೆ ಬಂದವನು ಇಡೀ ಟಿವಿಯ ಹೊಣೆ ಹೊತ್ತು ಬಂದಿರುವುದಿಲ್ಲ ಅನ್ನುವುದು ಕಾನೂನಿನಾಚೆಗೂ ಸರಿಯಾದ ಮಾತೇ.

ಸಾಮಾನು ನಿಮ್ಮ ಮನೆ ದಾಟಿ ಹೋಗಿದ್ದರೆ ನಿಮ್ಮ ಕೈ ಮೇಲೆ. ಪಾಲಿಶಿಗೆ ಒಯ್ದ ಬಾಗಿಲು, ಬಟ್ಟೆ ಬದಲಿಸಲು ಒಯ್ದ ಸೋಫಾ ಅವರ ವಶದಲ್ಲಿರುವಷ್ಟು ಹೊತ್ತು, ಸಾಧಾರಣ ವಿವೇಕದ ಮನುಷ್ಯ ತನ್ನದೇ ವಸ್ತುವನ್ನು ನೋಡಿಕೊಳ್ಳುವಷ್ಟು ಜೋಪಾನ ಮಾಡಬೇಕು ಎನ್ನುತ್ತದೆ ಕರಾರು ಕಾಯ್ದೆಯ 151ನೇ ಕಲಂ. "ನಿಮ್ಮ ಮನೆ ಸಾಮಾನಾಗಿದ್ರೆ" ಅನ್ನುವ ಸಿಟ್ಟಿನ ಮಾತು ಹೆಚ್ಚುಕಡಿಮೆ ಕಾನೂನಿನದೇ ಮಾತು. ಅಷ್ಟು ಜೋಪಾನ ಮಾಡಿದ್ದೇವೆಂದು ತೋರಿಸುವ ಭಾರವೂ ಆಗ ಅವರದು.

ಬಾಡಿಗೆ ಮನೆಯವರ ಪ್ರಶ್ನೆ ಬೆಂಗಳೂರಿನಲ್ಲಿ ದಿನಾ ಏಳುವಂಥದ್ದು. ಮಾಲೀಕರು ಕಳಿಸಿದ ಪ್ಲಂಬರ್ ಬಾಡಿಗೆದಾರರ ಲ್ಯಾಪ್‌ಟಾಪ್ ಮೇಲೆ ನೀರು ಬೀಳಿಸಿದರೆ, ದುಡ್ಡು ಕೊಟ್ಟವರು ಮಾಲೀಕರು, ನಷ್ಟವಾದದ್ದು ಬಾಡಿಗೆದಾರರಿಗೆ. ಸೇವೆ ಪಡೆದವರ ಒಪ್ಪಿಗೆಯಿಂದ ಅದರ ಪ್ರಯೋಜನ ಪಡೆಯುವವರೂ ಗ್ರಾಹಕರೇ ಎಂದು ಕಾಯ್ದೆಯ ವ್ಯಾಖ್ಯೆಯಲ್ಲಿದೆ, ಅದರ ಬಲದ ಮೇಲೆ ಬಾಡಿಗೆದಾರರು ದೂರು ಕೊಡಲು ವಾದವುಂಟು. ಕೆಲಸದವರು ಬರುವ ದಿನ, ಸಮಯವನ್ನು ಮಾಲೀಕರಿಂದ ಮೆಸೇಜಿನಲ್ಲಿ ಪಡೆದಿಟ್ಟುಕೊಂಡರೆ ಆ ವಾದಕ್ಕೆ ಕಾಲು ಬರುತ್ತದೆ.

ಕೆಲವು ಸಾವಿರದ ತಕರಾರಿಗೆ ಇಷ್ಟೆಲ್ಲ ಬೇಡವೆನಿಸಿದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೋ ತಾಲ್ಲೂಕು ಸಮಿತಿಗೋ ಅರ್ಜಿ ಕೊಟ್ಟು, ದಾವೆ ಹೂಡುವ ಮೊದಲೇ ಲೋಕ ಅದಾಲತ್ತಿನಲ್ಲಿ ರಾಜಿ ಮಾಡಿಕೊಳ್ಳಬಹುದು. ಅಲ್ಲಿ ಆದ ರಾಜಿಗೆ ಕೋರ್ಟಿನ ಡಿಕ್ರಿಯ ಬೆಲೆಯಿದೆ.

ಬಹುಪಾಲು ಪ್ರಕರಣಗಳು ಇಷ್ಟು ದೂರ ಬರದೆ ಮನೆಯ ಹಾಲಿನಲ್ಲೇ ಮುಗಿಯುತ್ತವೆ. ಮುಗಿಯುವ ದಿನ ಕಂಟ್ರಾಕ್ಟರ್ ಒಂದು ಚೀಟಿಗೆ ಸಹಿ ಕೇಳುತ್ತಾನೆ: "ಇನ್ನು ಮುಂದೆ ಯಾವುದೇ ತಕರಾರು ಇಲ್ಲ." ಹಾಗೇ ಸಹಿ ಹಾಕಬೇಡಿ. ಎಸಿಯ ಪೈಪು, ಬಾತ್‌ರೂಮಿನ ಟ್ರ್ಯಾಪು ಕಟ್ಟಿಕೊಳ್ಳುವುದು ತಿಂಗಳುಗಳ ಮೇಲೆ. ಚೀಟಿಯಲ್ಲಿ ವಸ್ತುವಿನ ಹೆಸರು, ಕೊಟ್ಟ ಮೊತ್ತ, ದಿನಾಂಕ ಇರಲಿ, ಕೆಳಗೆ ಹೀಗೊಂದು ಸಾಲಿರಲಿ: "ಈ ರಾಜಿ ಮೇಲೆ ಹೇಳಿದ ವಸ್ತುವಿಗೆ ಮಾತ್ರ, ಡ್ರೈನ್, ವೈರಿಂಗ್, ಎಸಿಗೆ ಸಂಬಂಧಿಸಿ 6 ತಿಂಗಳೊಳಗೆ ಕಾಣುವ ದೋಷಕ್ಕೆ ಅನ್ವಯಿಸುವುದಿಲ್ಲ." ಸಹಿ ಹಾಕುವ ಮೊದಲು ಬಾತ್‌ರೂಮಿನಲ್ಲಿ ಇನ್ನೊಂದು ಬಕೆಟ್ ನೀರು ಸುರಿದು, ಅದನ್ನೂ ವಿಡಿಯೊ ಮಾಡಿಟ್ಟುಕೊಳ್ಳಿ.